ಹೊಲಿಗೆ ಹೊರಗಿರುವ ಅಂಗಿ

ಹೆಣ್ಣು ನೋಡುವವರು ಬರುತ್ತಾರೆಂದರೆ ನಾವು ಅಂಗಳ ಗುಡಿಸುತ್ತೇವೆ, ಒಗೆದ ಚಾದರ ಹಾಸುತ್ತೇವೆ. ಕೆಲವು ಮನೆಗಳಲ್ಲಿ ಇನ್ನೊಂದು ಕೆಲಸವೂ ಇರುತ್ತದೆ. ಎಲ್ಲರಂತಿಲ್ಲದ ಮಗುವನ್ನು ಒಳಕೋಣೆಗೆ ಕಳಿಸಿ ಬಾಗಿಲು ಎಳೆದುಕೊಳ್ಳುವುದು.

ಸಿದ್ದಾಪುರದ ಬಸ್‌ ಸ್ಟ್ಯಾಂಡಿನ ಹಿಂದೆ ಮನೆಯ ಮುಂಗೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ರೋಷನ್ ಬೀಯೂ ಹೀಗೇ ಮಾಡುತ್ತಿದ್ದಳು. ಅವಳ ಹಿರಿಯ ಮಗಳು ಫಿರ್ದೌಸ್‌ಗೆ ಆಗ ಇಪ್ಪತ್ತೆರಡು ವರ್ಷ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಎದುರಿದ್ದವರ ಮುಖ ನೋಡದೆ ಮಾತಾಡುತ್ತಾಳೆ, ಆದರೆ ಅನಿಸಿದ್ದನ್ನೇ ಹೇಳುತ್ತಾಳೆ. ಹುಬ್ಬಳ್ಳಿಯ ಡಾಕ್ಟರು ಇದನ್ನು ಆಟಿಸಂ ಅನ್ನುತ್ತಾರೆ ಎಂದಿದ್ದರು. ಯಾರ ಶಾಪವೂ ಅಲ್ಲ, ಅಂಟುವ ರೋಗವೂ ಅಲ್ಲ, ಹುಟ್ಟಿನಿಂದಲೇ ಅವಳ ಮಿದುಳಿನ ರೀತಿ ಬೇರೆ ಎಂದೂ ಬಿಡಿಸಿ ಹೇಳಿದ್ದರು.

ಫಿರ್ದೌಸ್ ಚೆನ್ನಾಗಿ ಬರೆಯುತ್ತಿದ್ದಳು. ತನಗೆ ಸದ್ದು ಹೇಗೆ ಕೇಳುತ್ತದೆ, ಬಟ್ಟೆ ಹೇಗೆ ತಾಗುತ್ತದೆ, ಜನ ಏನೆಂದುಕೊಳ್ಳುತ್ತಾರೆ, ನಿಜ ಏನು ಎಂದೆಲ್ಲ. ಅದು ಎರಡು ಸಾವಿರದ ನಾಲ್ಕನೇ ಇಸವಿ. ಪಕ್ಕದ ಮನೆಯ ಅಂಗನವಾಡಿ ಅಕ್ಕೋರು ನಮಿತಾ ಒಂದು ದಿನ ಓದಿ ನೋಡಿ, "ಇದು ಪೆಟ್ಟಿಗೆಯಲ್ಲಿ ಇಡುವಂಥದ್ದಲ್ಲ ಮಾರಾಯ್ತಿ, ಪತ್ರಿಕೆಗೆ ಕಳಿಸು" ಅಂದರು. ಶಿರಸಿಯಲ್ಲೊಂದು ವಾರಪತ್ರಿಕೆ ಇತ್ತು. ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಟ್ಟರೆ ಅಲ್ಲಿಗೆ ಮುಟ್ಟುತ್ತಿತ್ತು.

ಲಕೋಟೆ ಅಂಟಿಸುವ ಕೆಲಸ ರೋಷನ್ ಬೀಗೆ ಬಂತು. ಕಿರಿಯ ಮಗಳ ಮದುವೆಗೆ ಯಲ್ಲಾಪುರದ ಒಂದು ಮನೆಯವರ ಜೊತೆ ಮಾತು ನಡೆದಿತ್ತು. ಅಕ್ಕ ಹೀಗಿದ್ದಾಳೆಂದು ಊರಿಗೆಲ್ಲ ಗೊತ್ತಾದರೆ ಗತಿಯೇನು? ಬರಹವನ್ನು ಓದುವ ತಾಳ್ಮೆಯೂ ಅವಳಿಗಿರಲಿಲ್ಲ. ಕಣ್ಣು ನೇರ ಕೆಳಗಿನ ಹೆಸರಿಗೇ ಹೋಯಿತು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆಂದು ಮನೆಯವರನ್ನೆಲ್ಲ ಬೈಯುತ್ತಿದ್ದವಳು, ಅಂದು ಅದೇ ಕತ್ತರಿಯಿಂದ ಮಗಳ ಹೆಸರನ್ನು ಕಚಕ್ಕನೆ ಕತ್ತರಿಸಿ ಒಲೆಗೆ ಹಾಕಿದಳು.

ಪತ್ರಿಕೆ ಬಂತು. ಬರಹದ ಕೆಳಗೆ "ಒಬ್ಬ ನತದೃಷ್ಟೆ" ಎಂದು ಅಚ್ಚಾಗಿತ್ತು.

"ಇದು ಯಾರು?" ಫಿರ್ದೌಸ್ ಕೇಳಿದಳು. "ನಾನು ಫಿರ್ದೌಸ್ ಅಂತ ಬರೆದಿದ್ದೆ."

"ಪತ್ರಿಕೆಯವರು ಬಿಟ್ಟಿರಬೇಕು" ಅಂದಳು ರೋಷನ್ ಬೀ, ಸೂಜಿಗೆ ದಾರ ಪೋಣಿಸುತ್ತ.

"ಹಾಗಾದ್ರೆ ಅವರಿಗೆ ನಾನು ಬರೆಯೂದಿಲ್ಲ."

ಅವಳು ಹೇಳಿದರೆ ಹೇಳಿದ್ದೇ. ಮೂರು ವಾರ ಪೆನ್ನು ಮುಟ್ಟಲಿಲ್ಲ. ನಮಿತಾ ಅಕ್ಕೋರಿಗೆ ಅನುಮಾನ ಬಂತು. ಅಂಗಡಿಗೇ ಬಂದು ಕೇಳಿದಾಗ ರೋಷನ್ ಬೀ ಒಪ್ಪಿಕೊಂಡಳು.

"ನೀವೇ ಹೇಳಿ ಅಕ್ಕೋರೆ, ಹೆಸರು ನೋಡಿ ಗಂಡಿನ ಕಡೆಯವರು ಓಡಿಹೋದ್ರೆ?"

"ಈಗ ಹೆಸರು ನೋಡಿ ಓಡುವವ, ನಾಳೆ ಮದುವೆ ಆದ್ಮೇಲೆ ಹುಡುಗಿಯ ಅಕ್ಕನನ್ನೇ ನೋಡಿದ್ರೆ ಎಲ್ಲಿಗೆ ಓಡ್ತಾನೆ ರೋಷನಕ್ಕ? ಓಡೂದಾದ್ರೆ ಈಗಲೇ ಓಡ್ಲಿ, ಬಸ್‌ ಸ್ಟ್ಯಾಂಡ್ ಹತ್ರವೇ ಇದೆ!"

ರೋಷನ್ ಬೀಗೆ ನಗು ಬರಲಿಲ್ಲ. ಅಷ್ಟರಲ್ಲಿ ಪಕ್ಕದೂರು ಮನ್ಮನೆಯ ಕೆರಿಯಪ್ಪ ಎಂಬವನು ಬಾಗಿಲಿಗೆ ಬಂದ. ಒಂದು ಕೈಯಲ್ಲಿ ಅರಿವೆಯ ಗಂಟು, ಇನ್ನೊಂದರಲ್ಲಿ ಮಡಿಚಿದ ಪತ್ರಿಕೆಯ ಹಾಳೆ.

"ಅಕ್ಕಾ, ಇದ್ರಲ್ಲಿ ಬರ್ದಂಗೆ ಒಂದು ಅಂಗಿ ಹೊಲ್ದು ಕೊಡ್ತೀರಾ?" ಎಂದು ಅಕ್ಷರ ಅಕ್ಷರವಾಗಿ ಓದಿದ. "'ಅಂಗಿಯ ಹೊಲಿಗೆ ನನಗೆ ಮುಳ್ಳುಬೇಲಿ ಉಜ್ಜಿದಂತೆ. ಅದಕ್ಕೆ ನನ್ನ ಅಮ್ಮ ಹೊಲಿಗೆಯ ಅಂಚನ್ನು ಹೊರಗೆ ಬಿಟ್ಟು ಹೊಲಿಯುತ್ತಾಳೆ. ಆ ಅಂಗಿ ಹಾಕಿದ ದಿನ ನಾನು ಎಲ್ಲರ ಜೊತೆ ಕೂರಬಲ್ಲೆ.'"

ರೋಷನ್ ಬೀಯ ಕಾಲು ಮಷಿನ್ನಿನ ಮೇಲೆ ನಿಂತುಬಿಟ್ಟಿತು. ತಾನು ಓದದೇ ಕತ್ತರಿಸಿದ ಬರಹದಲ್ಲಿ ತಾನೇ ಇದ್ದಳು.

"ನಮ್ಮ ಮಗೀಗೆ ಆರು ವರ್ಷ" ಅಂದ ಕೆರಿಯಪ್ಪ. "ಹಾಕಿದ ಅಂಗಿಯೆಲ್ಲ ಹರೀತಾಳೆ. ಗಾಳಿ ಸೋಕಿದೆ ಅಂತ ದಾರ ಕಟ್ಸಿದ್ವು. ಇದನ್ನ ಓದಿ ಹೇಳಿದ್ರೆ ಹೆಂಡ್ತಿ ನಂಬೂದಿಲ್ಲ. 'ಬರ್ದೋರ ಹೆಸ್ರೇ ಇಲ್ಲ, ಯಾರೋ ಕೂತು ಕತೆ ಕಟ್ಟಿದಾರೆ' ಅಂತಾಳೆ. ಪತ್ರಿಕೆಯೋರನ್ನ ಕೇಳಿದ್ರೆ ಅವ್ರಿಗೂ ಗೊತ್ತಿಲ್ಲ. ಇವತ್ತೂ ಮಗೀನ ಕೈ ಮಂಚಕ್ಕೆ ಕಟ್ಟೇ ಬಂದಿದ್ದು ಅಕ್ಕಾ."

ರೋಷನ್ ಬೀ ಎದ್ದು ಹೋಗಿ ಒಳಬಾಗಿಲು ತೆರೆದಳು.

"ಫಿರ್ದೌಸ್, ಬಾರಮ್ಮಾ. ನಿನ್ನ ಬರಹ ಓದಿದವರು ಬಂದಿದಾರೆ. ಹೆಸರು ಪತ್ರಿಕೆಯವರು ಬಿಟ್ಟದ್ದಲ್ಲ. ನಾನು ಕತ್ತರಿಸಿದ್ದು."

ಫಿರ್ದೌಸ್ ಗೋಡೆ ನೋಡುತ್ತ ಕೇಳಿದಳು: "ಬಟ್ಟೆ ಕತ್ತರೀಲಾ?"

"ಹೂಂ."

"ಅದಕ್ಕೇ ಮೊಂಡಾಗಿದೆ."

ನಮಿತಾ ಅಕ್ಕೋರು ಸೆರಗು ಬಾಯಿಗೆ ಒತ್ತಿ ನಕ್ಕರು. ಫಿರ್ದೌಸ್ ನಗಲಿಲ್ಲ. ಕೆರಿಯಪ್ಪನ ಗಂಟಿನಿಂದ ಒಂದು ಫ್ರಾಕು ತೆಗೆದು ಒಳಮೈ ಸವರಿದಳು. "ನೈಲಾನು. ಇದು ನನಗೂ ಆಗೂದಿಲ್ಲ. ಹತ್ತಿ ಬಟ್ಟೆ ತನ್ನಿ, ಎರಡು ಸಲ ಒಗೀರಿ. ಕೊರಳ ಹಿಂದಿನ ಚೀಟಿ ಬಿಚ್ಚಿ. ಮೊದಲು ಕೈ ಬಿಚ್ಚಿ. ಅವಳಿಗೆ ತಾಗೂದು ಬೇರೆಯೇ ಇರಬಹುದು. ಅವಳನ್ನೇ ನೋಡಿ, ಗೊತ್ತಾಗ್ತದೆ."

"ಡಾಕ್ಟರಿಗೂ ತೋರಿಸುವಾ. ಆಸ್ಪತ್ರೆಗೆ ದಾಖಲೆ ಎಂತೆಂತ ಬೇಕು ನಾನು ಹೇಳ್ತೇನೆ" ಅಂದರು ಅಕ್ಕೋರು.

"ಮನೇಲಿ ಹೇಳ್ಬೇಕಲ್ಲ" ಅಂದ ಕೆರಿಯಪ್ಪ. "ನಿನ್ನ ಹೆಸ್ರೇನು ತಂಗೀ?"

"ಫಿರ್ದೌಸ್" ಎಂದು ಉತ್ತರ ಕೊಟ್ಟವಳು ರೋಷನ್ ಬೀ. "ನನ್ನ ದೊಡ್ಡ ಮಗಳು."

ಮೂರನೇ ದಿನ ಹೊಲಿಗೆ ಹೊರಗಿರುವ ಅಂಗಿ ಮನ್ಮನೆಗೆ ಹೋಯಿತು. ಅದನ್ನು ಹಾಕಿದ ಮಗು ಸಂಜೆಯವರೆಗೂ ಹರಿಯಲಿಲ್ಲ. ಕೈ ಕಟ್ಟುತ್ತಿದ್ದ ಹಗ್ಗವನ್ನು ಕೆರಿಯಪ್ಪನ ಹೆಂಡತಿ ಕೊಟ್ಟಿಗೆಗೆ ಎಸೆದಳಂತೆ. ಯಲ್ಲಾಪುರದವರು ಆಗಿನ್ನೂ ಉತ್ತರ ಕೊಟ್ಟಿರಲಿಲ್ಲ. ಕೊಟ್ಟಾಗ ನೋಡೋಣ ಅಂದುಕೊಂಡಳು ರೋಷನ್ ಬೀ. ಫಿರ್ದೌಸ್ ಅಂದಿನಿಂದ ಬಂದವರೆದುರು ಹೊರಗೇ ಕೂರತೊಡಗಿದಳು.

ಎರಡನೆಯ ಬರಹವನ್ನೂ ಅವಳು ಅಮ್ಮನ ಕೈಗೇ ಕೊಟ್ಟಳು. ಹೆಸರು ಈ ಸಲ ಕೆಳಗಿರಲಿಲ್ಲ, ಹಾಳೆಯ ನಟ್ಟ ನಡುವೆ ದಪ್ಪಗೆ ಬರೆದಿತ್ತು.

"ಇಲ್ಲಿ ಕತ್ತರಿಸಿದ್ರೆ ಎರಡೂ ಕಡೆ ಹಾಳಾಗ್ತದೆ" ಅಂದಳು.

ರೋಷನ್ ಬೀ ಮೊದಲಿನಿಂದ ಕೊನೆಯವರೆಗೂ ಓದಿಯೇ ಲಕೋಟೆ ಅಂಟಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಒಳಕೋಣೆಯಲ್ಲೂ ಹೀಗೊಂದು ಮಗು ಇರಬಹುದು. ಬಾಗಿಲು ತೆರೆಯಿರಿ. ಅಂಗನವಾಡಿಯಲ್ಲಿ ಕೇಳಿ, ಡಾಕ್ಟರಿಗೆ ತೋರಿಸಿ. ಎಲ್ಲಕ್ಕಿಂತ ಮೊದಲು ಆ ಮಗುವನ್ನೇ ಕೇಳಿ: ನಿನಗೆ ಏನು ತಾಗುತ್ತದೆ? ಮಾತು ಬಾರದಿದ್ದರೆ ಕೈ ಮೈ ನೋಡಿ ತಿಳಿಯಿರಿ. ಬರೆಯಬಲ್ಲವರಿಗೆ ಬರೆಯಲು ಬಿಡಿ, ಅವರ ಹೆಸರಿನಲ್ಲೇ. ಪಕ್ಕದೂರಿನಲ್ಲಿ ಯಾರೋ ಮಗುವಿನ ಕೈ ಕಟ್ಟಿ, ಆ ಹೆಸರನ್ನು ಹುಡುಕಿಕೊಂಡು ಹೊರಟಿರಬಹುದು.