ಹಿಂದಿನ ಎಡಗಡೆ ಸ್ಪೀಕರು

ಗಂಡ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಗುಮಾನಿ ಅವಳ ತಲೆ ಹೊಕ್ಕು ಬಹಳ ದಿನವಾಗಿತ್ತು. ಫೋನು ಬಂದರೆ ಬಾಲ್ಕನಿಗೆ ಹೋಗುತ್ತಿದ್ದ. ಮಂಚದಲ್ಲಿ ಮಲಗುವ ಬದಿ ಬದಲಿಸಿದ್ದ. ಮಾತಾಡಿಸಿದರೆ ಒಮ್ಮೊಮ್ಮೆ ಕಲ್ಲಿನ ಹಾಗೆ ಕೂತಿದ್ದು, ಆಮೇಲೆ "ಏನೋ ಯೋಚನೆಯಲ್ಲಿದ್ದೆ ಕಣೇ" ಎನ್ನುತ್ತಿದ್ದ. ಯಾರ ಯೋಚನೆ ಎಂದು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಉತ್ತರವಾಗಿ ಒಂದು ಹೆಸರು ಬಂದುಬಿಟ್ಟರೆ ಸಂಸಾರದ ಗತಿಯೇನು?

ಈಗ ಇದ್ದಕ್ಕಿದ್ದಂತೆ ಹೋಮ್ ಥಿಯೇಟರ್ ಬೇರೆ. ಸಿಟಿ ಬಸ್ ಓಡಿಸುವವನಿಗೆ ದಿನವಿಡೀ ಕೇಳುವ ಹಾರನ್ ಸದ್ದು ಸಾಲದೇ?

ಜೋಡಿಸಲು ಬಂದವನನ್ನು ಬೀದಿಯವರೆಲ್ಲ ವೈರಣ್ಣ ಎಂದೇ ಕರೆಯುತ್ತಿದ್ದರು. ಅವನು ಟೀವಿಯ ಸುತ್ತ ಮೂರು, ಸೋಫಾದ ಹಿಂದಿನ ಗೋಡೆಗೆ ಎರಡು ಸ್ಪೀಕರು ಜೋಡಿಸಿ, ಸೋಫಾದ ನಡುವೆ ತಲೆ ಬರುವ ಎತ್ತರಕ್ಕೆ ಪುಟ್ಟ ಮೈಕು ನಿಲ್ಲಿಸಿ, ಫ್ಯಾನು ಆರಿಸಿದ.

"ಇನ್ನು ಉಸಿರೂ ಬಿಡಬೇಡಿ ಅಕ್ಕಾ. ಯಾವುದು ಎಷ್ಟು ಜೋರು ಅಂತ ಮೈಕೇ ಅಳೆದು ಸರಿಮಾಡ್ಕೊಳ್ಳುತ್ತೆ."

ಸುಯ್ ಎನ್ನುವ ಸದ್ದು ಒಂದೊಂದೇ ಸ್ಪೀಕರಿನಿಂದ ಹೊರಟು ಕೋಣೆ ಸುತ್ತಿತು. ಅವಳ ಕಿವಿಗೆ ಐದೂ ಒಂದೇ ಸಮ.

ಮೈಕು ಎತ್ತಿ ಗಂಡನನ್ನು ಅಲ್ಲಿ ಕೂರಿಸಿದ ವೈರಣ್ಣ, "ಸದ್ದು ಬಂದ ಕಡೆ ಬೆರಳು ತೋರ್ಸಿ ಸಾರ್" ಎಂದ. ಸದ್ದು ಸುತ್ತುತ್ತಾ ಹಿಂದಿನ ಎಡಮೂಲೆಗೆ ಬಂದಾಗ ಗಂಡ ಮೊದಲು ವೈರಣ್ಣನ ಮುಖ ನೋಡಿದ. ವೈರಣ್ಣನ ಕಣ್ಣು ಆ ಮೂಲೆಗೆ ಹೋದ ಮೇಲೆ ಬೆರಳು ಎದ್ದಿತು. ಅವಳು ಅದನ್ನು ಕಂಡಳು.

"ಅದು ಸತ್ತಿದೆ. ಏರಿಸು."

"ಮೈಕು ಸರಿ ಅಂತಿದೆ ಸಾರ್."

"ಸಿನಿಮಾ ನೋಡೋನು ನಾನೋ, ಮೈಕೋ?"

ಏರಿಸಿದ. "ಇನ್ನೂ." ಮತ್ತೂ ಏರಿಸಿದಾಗ ಕಿಟಕಿಯ ಗಾಜು ನಡುಗಿತು. "ಸಾಕು ಸಾರ್, ಪಕ್ಕದ ಮನೆಯೋರು ಟಿಕೆಟ್ ಇಲ್ದೆ ಸಿನಿಮಾ ಕೇಳ್ತಾರೆ!"

ಕೆಟ್ಟ ಸ್ಪೀಕರು ತಂದು ಅಂಟಿಸಿದನೇ ಎಂದು ಅವಳು ವೈರಣ್ಣನನ್ನು ದಿಟ್ಟಿಸಿದಳು. ಆದರೆ ತನ್ನ ಕಿವಿಗೆ ಅದು ಸರಿಯಾಗಿಯೇ ಕೇಳಿತ್ತಲ್ಲ! ಸದ್ದು ನಿಲ್ಲಿಸಲು ಕೈಸನ್ನೆ ಮಾಡಿ, ಗಂಡನ ಬೆನ್ನ ಹಿಂದೆ ಎಡಕ್ಕೆ ಹೋಗಿ ನಿಂತಳು. ಇಷ್ಟು ದಿನ ಗಂಟಲಲ್ಲೇ ಉಳಿದಿದ್ದನ್ನು ಮೆಲ್ಲಗೆ ಕೇಳಿಯೇಬಿಟ್ಟಳು.

"ಅವಳ ಹೆಸರೇನು ರೀ?"

ವೈರಣ್ಣನ ಸ್ಕ್ರೂಡ್ರೈವರ್ ನಿಂತುಹೋಯಿತು. ಗಂಡ ಮಾತ್ರ ಖಾಲಿ ಟೀವಿಯನ್ನೇ ನೋಡುತ್ತಿದ್ದ.

ಅವಳು ಬಲಕ್ಕೆ ಬಂದಳು. "ಯಾವಾಗಿಂದ ಎಡಗಿವಿ ಕೇಳಿಸ್ತಿಲ್ಲ?"

ಅವನು ಬೆಚ್ಚಿಬಿದ್ದ. "ಶ್! ಮೆಲ್ಲಗೆ. ಮುಂದಿನ ವಾರ ಡಿಪೋದಲ್ಲಿ ತಪಾಸಣೆ ಇದೆ. ಗೊತ್ತಾದ್ರೆ ಸ್ಟೇರಿಂಗ್ ಮುಟ್ಟೋಕೂ ಬಿಡಲ್ಲ."

ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುಗಳಿಗೆಗೇ ಆ ಹಾಲು ಒಡೆಯಿತು. ಎಡಗಡೆಯಿಂದ ನುಗ್ಗುವ ಸ್ಕೂಟರು, ಬಸ್ಸಿನ ಬಾಗಿಲಲ್ಲಿ ನಿಂತು ಕೂಗುವ ಮುದುಕಿ ಎಲ್ಲ ಕಣ್ಣಿಗೆ ಕಟ್ಟಿತು.

"ನಾಳೆ ಬಸ್ ಹತ್ಬೇಡಿ. ಮೊದ್ಲು ಡಾಕ್ಟರ ಹತ್ರ ಹೋಗೋಣ."

"ಹೂಂ" ಎಂದ. ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುವವನ ಹಾಗೆ ಅವಳ ಮುಖವನ್ನೇ ನೋಡುತ್ತಾ ಹೂಂ ಎಂದ.

ಆ ಹೂಂ ಅವಳಿಗೆ ನಂಬುಗೆಯಾಗಲಿಲ್ಲ. "ಮೈಕಿನ ಲೆಕ್ಕಕ್ಕೇ ಇಟ್ಬಿಡಪ್ಪ" ಎಂದು ವೈರಣ್ಣನಿಗೆ ಹೇಳಿ, ಇಸ್ತ್ರಿ ಮಾಡಿಟ್ಟಿದ್ದ ಗಂಡನ ಎರಡೂ ಜೊತೆ ಯೂನಿಫಾರಂ ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಕೆಟ್ಟಿನ ನೀರಿಗೆ ಅದ್ದಿದಳು.