ಕೆನ್ನೆಗೆ ಹಿಡಿದ ಎಲೆ

ನಾಲ್ಕನೆಯದೂ ಹೊಂದಲಿಲ್ಲ. ಮೊಟ್ಟೆಯಾಕಾರಕ್ಕೆ ಕತ್ತರಿಸಿದ ಇಸ್ಪೀಟ್ ಎಲೆಯನ್ನು ಕಲ್ಮೇಶ ಹೆಂಡತಿಯ ಕೆನ್ನೆಯಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಕೆನ್ನೆಗೆ ತಂದ. ಎಲೆಗೆ ಬಳಿದ ಬಣ್ಣವೇ ಬೇರೆ, ನೀಲಗಂಗಾಳೇ ಬೇರೆ.

“ಏನ್ರೀ, ಬ್ಲೌಸ್‌ಪೀಸ್ ಮ್ಯಾಚಿಂಗ್ ನೋಡಿದಂಗ ನೋಡಾಕತ್ತೀರಿ?”

“ಮಾತಾಡಬ್ಯಾಡ. ಉಗುಳು ಸಿಡೀತದ.”

ಇದು ಅವನ ಮಾತಲ್ಲ. ಆಫೀಸಿನ ಇಂಗ್ಲಿಷ್ ಸಾಹೇಬ ದೋಹಾ ಬಿಡುವಾಗ ಕೊಟ್ಟುಹೋದ ಪುಸ್ತಕದ್ದು. ನಾನೂರು ವರ್ಷದ ಹಿಂದೆ, ಎಲಿಜಬೆತ್ ರಾಣಿಯ ಕಾಲದಲ್ಲಿ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಮುಖಗಳನ್ನು ಬರೆಯುತ್ತಿದ್ದ ಕಲಾವಿದರು ಧೂಳಿಗೆ ಹೆದರಿ ರೇಷ್ಮೆ ತೊಡುತ್ತಿದ್ದರಂತೆ, ಉಗುಳು ಸಿಡಿದೀತೆಂದು ಮಾತೂ ಆಡುತ್ತಿರಲಿಲ್ಲವಂತೆ. ತೆಳು ತೊಗಲನ್ನು ಇಸ್ಪೀಟ್ ಎಲೆಗೆ ಅಂಟಿಸಿ, ಬೇರೆ ಬೇರೆ ಮೈಬಣ್ಣ ಬಳಿದು ಮೊದಲೇ ಸಿದ್ಧವಾಗಿಡುತ್ತಿದ್ದರು. ಗಿರಾಕಿ ಬಂದು ಕೂತಾಗ ಕೆನ್ನೆಗೆ ಹೊಂದುವ ಎಲೆಯನ್ನು ಆರಿಸಿ ಕಣ್ಣು ಮೂಗು ಬರೆದರಾಯಿತು.

ಧಾರವಾಡದಲ್ಲಿ ಚಿತ್ರಕಲೆ ಕಲಿತು ಇಲ್ಲಿ ಒಳಚರಂಡಿ ಪೈಪುಗಳ ನಕ್ಷೆ ಎಳೆಯುವ ಕಲ್ಮೇಶನಿಗೆ ಈ ಪದ್ಧತಿ ಬಹಳ ಹಿಡಿಸಿತ್ತು. ನೀಲಗಂಗಾಳ ವೀಸಾ ಆಗುವವರೆಗಿನ ನಾಲ್ಕು ವರ್ಷ, ದೋಹಾದ ಬಿನ್ ಒಮ್ರಾನ್ ಬಡಾವಣೆಯ ಈ ಕೋಣೆಯಲ್ಲಿ ಕೂತು ನೆನಪಿನಿಂದಲೇ ಅವಳ ಬಣ್ಣ ಕಲಸಿದ. ತೊಗಲಿಗೆ ಬದಲು ಆಫೀಸಿನ ಡ್ರಾಯಿಂಗ್ ಹಾಳೆ. ಒಂದು ಎಲೆ ಬೆಳಗಿನ ನೀಲಗಂಗಾ, ಇನ್ನೊಂದು ಒಲೆಯ ಮುಂದಿನ ನೀಲಗಂಗಾ. ಮದುವೆಯ ಫೋಟೋ ನಂಬುವಂತಿರಲಿಲ್ಲ. ಸ್ಟುಡಿಯೋದವನು ಇಬ್ಬರಿಗೂ ಸುಣ್ಣ ಹೊಡೆದಿದ್ದ.

ಅವಳು ಬಂದು ಐದು ದಿನವಾಯಿತು. ಇವತ್ತು ಶುಕ್ರವಾರ, ರಜೆ. ಧೂಳು ಏಳದಿರಲೆಂದು ಎ.ಸಿ. ಆರಿಸಿ ಅವಳನ್ನು ಕೂರಿಸಿದ್ದಾನೆ.

“ಬಿಸಿಲಾಗ ಅಡ್ಡಾಡಿ ಕರ್ರಗಾಗೇನಿ, ಬಿಡ್ರಿ.”

ಅದಲ್ಲ. ಕಪ್ಪಾಗಿದ್ದರೆ ಕಪ್ಪಿನ ಎಲೆಯಾದರೂ ಹೊಂದಬೇಕಿತ್ತು. ಅವಳ ಕೆನ್ನೆಯಲ್ಲೊಂದು ಹಳದಿಯಿತ್ತು, ಅವನು ಎಂದೂ ಕಲಸದ ಹಳದಿ. ಮೊದಲಿನಿಂದಲೂ ಇತ್ತೇ? ಕೇಳಲು ಹೆದರಿಕೆಯಾಯಿತು. ಇದ್ದದ್ದೇ ನಿಜವಾದರೆ, ನಾಲ್ಕು ವರ್ಷ ಮನಸ್ಸಿನಲ್ಲಿ ತಾನು ಯಾರ ಜೊತೆ ಸಂಸಾರ ಮಾಡಿದೆ?

“ಬಣ್ಣ ಕಲಸೂ ಮುಂದ ಯಾವುದರ ಜೋಡಿ ಹಚ್ಚಿ ನೋಡ್ತಿದ್ರಿ?” ನೀಲಗಂಗಾಳಿಗೆ ನಿಜಕ್ಕೂ ಕುತೂಹಲ.

“ಇಲ್ಲಿ ಏನಿತ್ತು? ಕೈ ಮ್ಯಾಲೆ.”

“ಯಾರ ಕೈ?”

ಅವನು ಕುಂಚ ತೊಳೆಯುವುದರಲ್ಲಿ ಮಗ್ನನಾದ. ಅವಳು ಎದ್ದು, ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಎಲೆಗಳನ್ನು ಒಂದೊಂದಾಗಿ ಅವನ ಕೆನ್ನೆಗೆ ಹಿಡಿಯತೊಡಗಿದಳು. ಮೂರನೆಯದಕ್ಕೆ ಅವಳ ಕೈ ನಿಂತಿತು.

“ಅಯ್ಯ! ಅಂಚ ಕಾಣವಲ್ದು ನೋಡ್ರಿ.”

ಖುಷಿಯಿಂದ ಕೈ ಬಿಟ್ಟಳು. ಎಲೆ ಬೀಳಲಿಲ್ಲ, ಬೆವರಿಗೆ ಅಂಟಿಕೊಂಡಿತ್ತು.

“ತೆಗಿ ಅದನ್ನ.”

“ತಡೀರಿ. ಮಾತಾಡಬ್ಯಾಡ್ರಿ.”

ನೀಲಗಂಗಾ ಅವನ ಮುಖದ ಹತ್ತಿರ ಬಗ್ಗಿದಳು. ಎಲೆ ಎಲ್ಲಿ ಮುಗಿದು ಗಂಡ ಎಲ್ಲಿ ಶುರುವಾಗುತ್ತಾನೆಂದು ಉಗುರಿನಿಂದ ಮೆಲ್ಲಗೆ ಕೆದಕಿ ಹುಡುಕತೊಡಗಿದಳು.