ಎಂಟರ ಜಾಗದಲ್ಲಿ ಒಂಬತ್ತು

ನೆರೀನಾ ಕವಲ್ಲಾರೊಗೆ ಹದಿನೇಳು ತುಂಬಿದ ವರ್ಷ, ಬ್ರಿಸ್ಬೇನಿನಲ್ಲಿ ಸಂಗೀತ ಪರೀಕ್ಷಕರೊಬ್ಬರು ಅವಳ ಬಲಗೈಯನ್ನು ಮೇಜಿನ ಮೇಲೆ ಅಗಲಿಸಿಡಲು ಹೇಳಿ, ಅಡಿಪಟ್ಟಿ ಹಿಡಿದು ಅಳೆದರು. ಪಿಯಾನೊದಲ್ಲಿ ಬೆರಳೊತ್ತಿ ನುಡಿಸುವ ಎಂಟು ಬಿಳಿ ಮನೆಗಳನ್ನು ಒಂದೇ ಹಿಡಿತದಲ್ಲಿ ಮುಟ್ಟಬೇಕಾದರೆ ಅವಳ ಬೆರಳುಗಳು ಹರಿದುಹೋಗುವಷ್ಟು ಚಾಚಬೇಕಿತ್ತು.

“ನುಡಿಸೋದೇನೋ ಚೆನ್ನಾಗಿದೆಯಮ್ಮ. ಆದ್ರೆ ದೊಡ್ಡ ಕನ್ಚರ್ಟೊಗಳ ಆಸೆ ಬಿಟ್ಬಿಡು. ದೇವರು ಕೊಟ್ಟ ಕೈ ಇಷ್ಟೇ,” ಎಂದರು.

ಹೊರಗೆ ಅವಳ ಅಪ್ಪ ರೊಕ್ಕೊ ಕಾದಿದ್ದ. ಇಂಗಮ್ಮಿನ ಕಬ್ಬಿನ ಹೊಲಗಳಲ್ಲಿ ಇಪ್ಪತ್ತು ವರ್ಷ ಕತ್ತಿ ಬೀಸಿದವನು. ಮಗಳ ಮಾತು ಕೇಳಿ ತನ್ನ ಅಗಲವಾದ ಅಂಗೈ ನೋಡಿಕೊಂಡ.

“ಇಂಥ ಮರದ ಹಲಗೆ ನನಗೆ ಯಾಕೆ ಬೇಕಿತ್ತು? ನಿಂಗೆ ಇದನ್ನ ಕೊಡೋದು ಬಿಟ್ಟು ನಿಮ್ಮಮ್ಮನ ಕೈ ಕೊಟ್ನಲ್ಲ ಆ ದೇವರು.”

ಅಳುತ್ತಿದ್ದವಳಿಗೆ ನಗು ಬಂತು.

ಆಸೆಯನ್ನು ಅವಳು ಬಿಡಲಿಲ್ಲ, ಮಡಿಸಿಟ್ಟಳು. ಮುಂದಿನ ಮೂವತ್ತು ವರ್ಷ ಚಿಕ್ಕ ಕೃತಿಗಳಿಂದಲೇ ಹೆಸರು ಮಾಡಿದಳು. ಮೆಲ್ಬರ್ನ್, ವೆಲ್ಲಿಂಗ್ಟನ್, ಲಂಡನ್ ಎಲ್ಲೆಡೆ ಸಭೆಗಳು ತುಂಬಿದವು. ಪತ್ರಿಕೆಗಳು ‘ನವಿರು’ ಎಂದವು, ‘ಸೊಗಸು’ ಎಂದವು. ಆ ಎರಡು ಪದ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ತನ್ನೊಳಗೆ ಗುಡುಗಿದೆ ಎಂದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳದೆ ಮನೆಯಲ್ಲಿ, ಇಡೀ ವಾದ್ಯವೃಂದದ ಜೊತೆ ನುಡಿಸುವ ಒಂದು ದೊಡ್ಡ ರಷ್ಯನ್ ಕನ್ಚರ್ಟೊವನ್ನು ನುಡಿಸಲು ಹೋಗಿ ಎರಡು ಸಲ ಮಣಿಕಟ್ಟು ಊದಿಸಿಕೊಂಡಳು. ಎರಡನೆಯ ಸಲ ಆರು ತಿಂಗಳು ವಾದ್ಯ ಮುಟ್ಟುವಂತಿರಲಿಲ್ಲ.

ಆಗಲೇ ಕ್ಲೆಮ್ ಪೆಟಿಗ್ರೂ ಮನೆಗೆ ಬಂದದ್ದು. ಟೌನ್ಸ್‌ವಿಲ್ಲಿನಲ್ಲಿ ಪಿಯಾನೊಗಳಿಗೆ ಶ್ರುತಿ ಕೂಡಿಸುವವನು. ಮಳೆಗಾಲದ ತೇವಕ್ಕೆ ಉಬ್ಬಿ ಅಂಟಿಕೊಳ್ಳುವ ಮನೆಗಳನ್ನು ಬಿಡಿಸುವುದರಲ್ಲೇ ಮುದುಕನಾದವನು. ಮಣಿಕಟ್ಟಿನ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದ.

“ಮೊಮ್ಮಗಳಿಗೆ ಪಿಟೀಲು ತಂದ್ವಿ ಕಣೆ. ಅವಳ ಅಳತೆಗೆ, ಚಿಕ್ಕದು. ಪಿಯಾನೊಗೆ ಮಾತ್ರ ಯಾಕೆ ಒಂದೇ ಅಳತೆ? ವಾರದಿಂದ ತಲೆ ತಿಂತಾ ಇದೆ.”

“ಅದು ಇರೋದೇ ಹಾಗೆ, ಕ್ಲೆಮ್.”

“ಯಾರೋ ಉದ್ದ ಕೈಯವನು ಮಾಡಿದ್ದು. ಎಂಟು ಮನೆ ಇರೋ ಜಾಗದಲ್ಲಿ ನಾನು ಒಂಬತ್ತು ಕೂರಿಸ್ತೀನಿ.”

“ನಿಂಗೇನು ಹುಚ್ಚಾ ಮಾರಾಯ?”

“ಇರ್ಬಹುದು. ನಿನ್ನ ಪಿಯಾನೊದ ಅಳತೆ ತಗೊಳ್ಲಾ?”

ಎರಡು ವರ್ಷ ಹಿಡಿಯಿತು. ಎಂಬತ್ತೆಂಟು ಮನೆಗಳನ್ನೂ ಮರದಲ್ಲಿ ಕೊರೆದ. ಹಿಂದೆ ಅಗಲ, ಮುಂದೆ ಕಿರಿದು, ಬೀಸಣಿಗೆಯ ಹಾಗೆ. ಮೊದಲು ಮಾಡಿದ ಮನೆಗಳ ಸಾಲು ಇಡಿಯಾಗಿ ಸೊಟ್ಟಗಾಗಿ ಒಲೆ ಸೇರಿತು. ಎರಡನೆಯದನ್ನು ಹೊತ್ತು ತಂದು, ಹಳೆಯದನ್ನು ಪಿಯಾನೊದಿಂದ ಮೇಜಿನ ಖಾನೆಯಂತೆ ಎಳೆದು ತೆಗೆದು, ಹೊಸದನ್ನು ತಳ್ಳಿ ಕೂರಿಸಿದ.

ನೆರೀನಾ ಕೈ ಇಟ್ಟಳು. ಎಂಟು ಮನೆಗಳು ಹಿಡಿತಕ್ಕೆ ಸಿಕ್ಕವು, ನೋವಿಲ್ಲದೆ. ಒಂಬತ್ತನೆಯದೂ ಸಿಕ್ಕಿತು. ಅವಳು ಬಹಳ ಹೊತ್ತು ಹಾಗೇ ಒತ್ತಿ ಹಿಡಿದು ಕೂತಳು. ಕ್ಲೆಮ್ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಆದರೆ ನಲವತ್ತೈದು ವರ್ಷ ಕಲಿತ ದೂರಗಳೆಲ್ಲ ಈಗ ಸುಳ್ಳಾಗಿದ್ದವು. ಯಾರೋ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸರಿಸಿಟ್ಟಂತೆ, ಬೆರಳು ಒಂದಕ್ಕೆ ಹೋದರೆ ಇನ್ನೊಂದು ಸಿಗುತ್ತಿತ್ತು. ಐವತ್ತನೆಯ ವಯಸ್ಸಿನಲ್ಲಿ ಮಕ್ಕಳ ಪಾಠದಿಂದ ಶುರುಮಾಡಿ, ದಿನಾ ಬೆಳಗ್ಗೆ ನಾಲ್ಕು ತಾಸು, ಮಧ್ಯಾಹ್ನ ಮೂರು ತಾಸು, ಒಂದು ವರ್ಷ ಕೂತಳು. ಆಮೇಲೆ ಆ ರಷ್ಯನ್ ಕನ್ಚರ್ಟೊವನ್ನು ತೆರೆದಳು.

ಟೌನ್ಸ್‌ವಿಲ್ಲಿನಲ್ಲಿ ಭಾನುವಾರ ಮಧ್ಯಾಹ್ನದ ಕಛೇರಿ ಗೊತ್ತಾಯಿತು. ತಾಲೀಮಿನಲ್ಲಿ ಹೊಸ ಮನೆಗಳನ್ನು ಕಂಡು, ವಾದ್ಯವೃಂದ ನಡೆಸುವ ಡೆಸ್ಮಂಡ್ ಪ್ರೈಯರ್‌ಗೆ ಮಾತ್ರ ಇರುಸುಮುರುಸು.

“ಜನ ಮೋಸ ಅಂತಾರೆ, ನೆರೀನಾ.”

“ನಿಮ್ಮ ಬೂಟು ಎಷ್ಟು ನಂಬರು?”

“ಹತ್ತು. ಯಾಕೆ?”

“ನಂದು ಐದು. ಐದರದ್ದು ಹಾಕ್ಕೊಂಡು ನಡೆದ್ರೆ ನಾನು ಮೋಸ ಮಾಡಿದ ಹಾಗಾ?”

ಹಿಂದೆ ಕೂತಿದ್ದ ಕಹಳೆಯವರು ಜೋರಾಗಿ ನಕ್ಕರು. ಪ್ರೈಯರ್ ಕಿವಿ ಕೆಂಪಾಯಿತು. “ಸರಿ, ನುಡಿಸಿ. ಕೇಳೋಣ,” ಎಂದ.

ಆ ಭಾನುವಾರ ಮೊದಲ ಸಾಲಿನಲ್ಲಿ ಎಂಬತ್ತೊಂದರ ರೊಕ್ಕೊ ಕ್ಲೆಮ್‌ನ ಪಕ್ಕ ಕೂತಿದ್ದ. ಮೊದಲ ಭಾಗದಲ್ಲಿ ನೆರೀನಾ ಒಂದು ಕಡೆ ತಪ್ಪು ಮನೆ ಮುಟ್ಟಿದಳು, ನಿಲ್ಲಲಿಲ್ಲ. ಕಡೆಯ ಭಾಗಕ್ಕೆ ಬಂದಾಗ ಅವಳಿಗೆ ಕೈ ಇದೆಯೆಂಬುದೇ ಮರೆತಿತ್ತು. ಎರಡೂ ಕೈಗಳಿಂದ ಒಟ್ಟೊಟ್ಟಿಗೆ ಸ್ವರಗಳು ಬೆಟ್ಟದ ಬಂಡೆಗಳಂತೆ ಉರುಳಿದವು. ಅರವತ್ತು ವಾದ್ಯಗಳ ಮೇಲೆ ಒಂದು ಪಿಯಾನೊ ಎದ್ದು ಕೇಳುತ್ತಿತ್ತು. ಪ್ರೈಯರ್ ತನ್ನ ಕೋಲು ಬೀಸುತ್ತ ಅವಳನ್ನು ಹಿಂಬಾಲಿಸುವಷ್ಟರಲ್ಲಿ ಬೆವತುಹೋದ.

ಕೊನೆಯ ಸ್ವರ ಮುಗಿಯುವ ಮೊದಲೇ ಸಭೆ ಎದ್ದಿತ್ತು. ಪಿಟೀಲಿನವರು ಮೆಚ್ಚಿ ಕಮಾನುಗಳಿಂದ ತಮ್ಮ ಮುಂದಿನ ಸ್ಟ್ಯಾಂಡುಗಳನ್ನು ಬಡಿದರು, ಕಹಳೆಯವರು ನೆಲಕ್ಕೆ ಕಾಲು ಬಡಿದರು. ಪ್ರೈಯರ್ ಅವಳ ಕೈ ಕುಲುಕಿ, ಆಮೇಲೆ ತಾನೇ ಕೆಳಗಿಳಿದು ಕ್ಲೆಮ್‌ನನ್ನು ವೇದಿಕೆಗೆ ಎಳೆದು ತಂದ. ಮುದುಕ ಸಂಕೋಚದಿಂದ ಪಿಯಾನೊದ ಅಂಚಿನ ಧೂಳು ಒರೆಸುತ್ತ ನಿಂತ.

ಮರುದಿನದ ಪತ್ರಿಕೆ ‘ಬಿರುಗಾಳಿ’ ಎಂದು ಬರೆಯಿತು. ನೆರೀನಾ ಅದನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳು.

ಆದರೆ ಅದಕ್ಕೂ ಮೊದಲು, ಆ ಭಾನುವಾರ ಮಧ್ಯಾಹ್ನವೇ, ಜನ ಕರಗಿದ ಮೇಲೆ ಹತ್ತಿಪ್ಪತ್ತು ಹೆಂಗಸರು ಮನೆಗೆ ಹೋಗದೆ ಉಳಿದರು. ಪಿಯಾನೊ ಕಲಿಸುವ ಟೀಚರುಗಳು, ಚರ್ಚುಗಳಲ್ಲಿ ನುಡಿಸುವವರು. ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ನಾಚುತ್ತ ಕೈ ಅಗಲಿಸಿ ಇಟ್ಟು ನೋಡಿದರು. “ಅಯ್ಯೋ, ಸಿಗುತ್ತೆ ಕಣ್ರೇ,” ಎಂದಳು ಒಬ್ಬಳು, ನಂಬಲಾರದೆ.

ರೊಕ್ಕೊ ಮೆಲ್ಲಗೆ ಮಗಳ ಬಳಿ ಬಂದು ಅವಳ ಬೆವರಿದ ಕೈ ಹಿಡಿದ.

“ಮತ್ತೆ ಯಾವಾಗ ನುಡಿಸ್ತೀಯ ಇದನ್ನ?”

“ಮುಂದಿನ ಭಾನುವಾರ, ಪಪಾ. ಕೆಯರ್ನ್ಸ್‌ನಲ್ಲಿ.”

“ಹಾಗಾದ್ರೆ ನನ್ನ ಅಂಗಿ ಒಗೆಯಕ್ಕೆ ಹಾಕ್ಬೇಕು,” ಎಂದ ಅವನು.